ಗಣಿಯೂರಿನ ಬ್ರಹ್ಮಕಮಲ

ಕೋಲಾರದ ಚಿನ್ನದ ಗಣಿಯೂರು ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಮನೆಗಳ ಮುಂದೆ ಕುಂಡದಲ್ಲಿ ಬೆಳೆಯುವ ಬ್ರಹ್ಮಕಮಲ ಕಳ್ಳಿಯ ಕುಲಕ್ಕೆ ಸೇರಿದ ಗಿಡ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಎಪಿಫಿಲ್ಲಮ್ ಆಕ್ಸಿಪೆಟಲಮ್. ತೋಟಗಾರರು ಆರ್ಕಿಡ್ ಕ್ಯಾಕ್ಟಸ್ ಎಂದು ಕರೆಯುವ ಗುಂಪಿನದು. ಜನ ಎಲೆ ಎನ್ನುವುದು ನಿಜಕ್ಕೂ ಚಪ್ಪಟೆಯಾದ ಕಾಂಡ. ಅದರ ಅಂಚಿನ ಕಚ್ಚುಗಳಲ್ಲಿ ಕಟ್ಟಿದ ಮೊಗ್ಗು ರಾತ್ರಿ ಎಂಟು ಒಂಬತ್ತರ ಹೊತ್ತಿಗೆ ಬಿರಿಯತೊಡಗಿ, ನಡುರಾತ್ರಿಗೆ ಪೂರ್ತಿ ಅರಳಿ, ಬೆಳಗಾಗುವುದರೊಳಗೆ ಜೋತುಬೀಳುತ್ತದೆ. ಬ್ರಹ್ಮಕಮಲವೆಂಬ ಹೆಸರು ಎರವಲಿನದು. ಆ ಹೆಸರಿನ ಮೂಲ ಒಡೆಯ ಹಿಮಾಲಯದ ಸಾಸುರಿಯಾ ಎಂಬ ಗಿಡ. ಸೂರ್ಯಕಾಂತಿಯ ಬಳಗದ್ದು, ಉತ್ತರಾಖಂಡದ ರಾಜ್ಯಪುಷ್ಪ. ಕೋಲಾರದ ಬಿಸಿಲಿಗೆ ಅದು ಬದುಕದು. ಆದರೂ ದಕ್ಷಿಣದಲ್ಲಿ ಹೆಸರು ಕಳ್ಳಿಗೇ ಅಂಟಿಕೊಂಡಿದೆ. ತಿದ್ದಲು ಹೊರಟವರು ಸೋತಿದ್ದಾರೆ, ಸೋತದ್ದೇ ಸರಿ.

ಕಳ್ಳಿ ಎಂದರೆ ಈ ಸೀಮೆಯವರಿಗೆ ಮೊದಲು ನೆನಪಾಗುತ್ತಿದ್ದದ್ದು ಬೇಲಿಯ ಪಾಪಾಸುಕಳ್ಳಿ. ಬ್ರಹ್ಮಕಮಲದಂತೆ ಅದೂ ಅಮೆರಿಕದಿಂದಲೇ ಬಂದದ್ದು. 18ನೇ ಶತಮಾನದ ಕೊನೆಯಲ್ಲಿ ಮದರಾಸಿನ ವೈದ್ಯ ಜೇಮ್ಸ್ ಆಂಡರ್ಸನ್ ಕೆಂಪು ಬಣ್ಣ ಕೊಡುವ ಕೊಚಿನಿಯಲ್ ಹುಳುವನ್ನು ಸಾಕುವ ಆಸೆಯಿಂದ ಈ ಕಳ್ಳಿಗಳ ತೋಟವನ್ನೇ ಮಾಡಿಸಿದ್ದ. ಬಣ್ಣದ ವ್ಯಾಪಾರ ಕೈಗೂಡಲಿಲ್ಲ, ಕಳ್ಳಿ ಮಾತ್ರ ಹೊಲಗದ್ದೆಗಳಿಗೆ ನುಗ್ಗಿ ಪೀಡೆಯಾಯಿತು. 1926ರಲ್ಲಿ ಶ್ರೀಲಂಕಾದಿಂದ ಕೊಚಿನಿಯಲ್ ಬಳಗದ ಇನ್ನೊಂದು ಹುಳುವನ್ನು ತಂದು ಬಿಟ್ಟ ಮೇಲೆ ದಕ್ಷಿಣ ಭಾರತದಲ್ಲಿ ಕಳ್ಳಿಯ ಹಾವಳಿ ತಗ್ಗಿತು. ಬ್ರಹ್ಮಕಮಲಕ್ಕೆ ಇಂಥ ಅಬ್ಬರದ ಚರಿತ್ರೆ ಇಲ್ಲ. ಅದು ಕುಂಡದಿಂದ ಕುಂಡಕ್ಕೆ, ಕೈಯಿಂದ ಕೈಗೆ ದಾಟಿಕೊಂಡು ಬಂದ ಗಿಡ.

ಕುಂಡದ ತೋಟಕ್ಕೆ ಬೇಕಾದ ನೀರು ಗಣಿಯೂರಿಗೆ ಸುಲಭವಾಗಿ ದಕ್ಕಲಿಲ್ಲ. ಚಿನ್ನದ ಗಣಿಗಾರಿಕೆಗೆ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಇಲ್ಲಿಗೆ ಕಾಲಿಟ್ಟಾಗ ಇದು ಕುರುಚಲು ಗಿಡಗಳ ಬಂಡೆನೆಲ. ಕೋಲಾರ ಸೀಮೆಗೆ ವರ್ಷವಿಡೀ ಹರಿಯುವ ನದಿಯಿಲ್ಲ, ಇರುವುದು ಕೆರೆಗಳು. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರಿನಲ್ಲಿ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಇಂದಿನ ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ 1894ರಲ್ಲಿ ರೈಲು ಬಂತು. 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಶಿವನಸಮುದ್ರದಿಂದ ವಿದ್ಯುತ್ ಬಂತು. ನೀರು ಬಂದದ್ದು ಪಾಲಾರ್ ನದಿಗೆ ಅಡ್ಡಲಾದ ಬೇತಮಂಗಲದ ಕೆರೆಯಿಂದ, 20ನೇ ಶತಮಾನದ ಮೊದಲ ವರ್ಷಗಳಲ್ಲಿ, ಕೊಳವೆಯಲ್ಲಿ.

ಆ ನೀರು ಎಲ್ಲರಿಗೂ ಒಂದೇ ಅಳತೆಯಲ್ಲಿ ಹರಿಯಲಿಲ್ಲ. ದೊರೆಗಳ ಬಂಗಲೆಗಳಿಗೆ ಹುಲ್ಲುಹಾಸು, ಹೂವಿನ ಪಾತಿ, ಮಾಲಿಗಳಿದ್ದರು. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಬಂದ ಕಾರ್ಮಿಕರದು ಲೈನು ಮನೆ. ಮೊದಮೊದಲು ಬಿದಿರಿನ ತಟ್ಟಿಯ ಗುಡಿಸಲು, ಬೀದಿ ನಲ್ಲಿಯ ನೀರು. ಅಂಥ ಮನೆಯ ಮುಂದೆ ತೋಟವೆಂದರೆ ತಳಕ್ಕೆ ತೂತು ಕೊರೆದ ಎಣ್ಣೆ ಡಬ್ಬ, ಬಾಯಿ ಒಡೆದ ಬಿಂದಿಗೆ. ವಾರಕ್ಕೆ ಒಂದೆರಡು ಚೊಂಬು ನೀರಲ್ಲಿ ಬದುಕುವ ಗಿಡ ಅಲ್ಲಿ ಗುಲಾಬಿಗಿಂತ ಬಾಳಿಕೆಯದು. ಹೊಸ ಹೂಗಿಡಗಳ ಹುಚ್ಚನ್ನು ಮೈಸೂರು ಸೀಮೆಯಲ್ಲಿ ಹಬ್ಬಿಸಿದ್ದು ಲಾಲ್‌ಬಾಗ್. 1874ರಿಂದ 1908ರವರೆಗೆ ಜಾನ್ ಕ್ಯಾಮರಾನ್, ಆಮೇಲೆ ಜರ್ಮನಿಯ ಕ್ರುಂಬಿಗಲ್ ಅದರ ಹೊಣೆ ಹೊತ್ತಿದ್ದರು. ಆದರೆ ಬ್ರಹ್ಮಕಮಲಕ್ಕೆ ನರ್ಸರಿಯ ಹಂಗು ಕಡಿಮೆ. ಒಂದು ಎಲೆ ಕೊಟ್ಟರೆ ಸಾಕು, ಗಿಡ ಕೊಟ್ಟಂತೆಯೇ. ಹೂ ಅರಳುವ ರಾತ್ರಿ ಅಕ್ಕಪಕ್ಕದವರನ್ನು ಕರೆದು, ಅರಿಶಿನ ಕುಂಕುಮವಿಟ್ಟು, ಊದುಬತ್ತಿ ಹಚ್ಚಿ ಆರತಿ ಎತ್ತುವ ವಾಡಿಕೆಯೂ ಈ ಹಂಚಿಕೆಗೆ ನೆರವಾಯಿತು. ನೋಡಲು ಬಂದವರು ಎಲೆ ಕೇಳಿಯೇ ಹೋಗುತ್ತಾರೆ.

ಎಲೆ ಕತ್ತರಿಸುವ ಕಾಲ ಸಂಕ್ರಾಂತಿ ಕಳೆದು ಶಿವರಾತ್ರಿ ಬರುವವರೆಗಿನ ಒಣ ಚಳಿಯ ದಿನಗಳು. ಪಾಶ್ಚಾತ್ಯ ತೋಟಗಾರಿಕೆಯ ಪುಸ್ತಕಗಳು ಈ ಹೊತ್ತಿನಲ್ಲಿ ಹಿಮದ ಭಯವನ್ನೇ ದೊಡ್ಡದಾಗಿ ಹೇಳುತ್ತವೆ; ಗಿಡವನ್ನು ಒಳಗಿಡಿ, ಬೆಚ್ಚಗಿಡಿ ಎನ್ನುತ್ತವೆ. ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಮೇಲಿರುವ ಕೆ.ಜಿ.ಎಫ್.ನಲ್ಲಿ ಪುಷ್ಯದ ರಾತ್ರಿ ಕೊರೆಯುತ್ತದೆ ನಿಜ, ಆದರೆ ನೀರು ಹೆಪ್ಪುಗಟ್ಟುವಷ್ಟಲ್ಲ. ಇಲ್ಲಿ ಗಮನಿಸಬೇಕಾದದ್ದು ಬೇರೆ. ಗಿಡದ ತವರು ದಕ್ಷಿಣ ಮೆಕ್ಸಿಕೊ, ಗ್ವಾಟೆಮಾಲಾ ಕಡೆಯ ಕಾಡು. ಮರದ ಕವಲಿನಲ್ಲಿ, ಕೊಳೆತ ತರಗೆಲೆಯಲ್ಲಿ ಬೇರೂರಿ ಬೆಳೆಯುತ್ತದೆ. ಅಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಒಣ ಕಾಲ. ಕೋಲಾರದಲ್ಲಿಯೂ ಹಿಂಗಾರು ನಿಂತ ಮೇಲೆ ಮುಂಗಾರು ಪೂರ್ವದ ಗುಡುಗು ಮಳೆಯವರೆಗೆ ಹನಿಯೇ ಅಪರೂಪ. ಎರಡೂ ಪಂಚಾಂಗಗಳು ತಾವಾಗಿಯೇ ಕೂಡಿವೆ. ಗಿಡ ಕೇಳುವ ವಿಶ್ರಾಂತಿಯನ್ನು ಊರಿನ ಹವೆಯೇ ಕೊಡುತ್ತದೆ. ಕೆಡಿಸುವುದು ಹೆಚ್ಚಾಗಿ ಪ್ರೀತಿಯಿಂದ ದಿನವೂ ನೀರು ಹೊಯ್ಯುವ ಕೈ.

ಮಾಘದಲ್ಲಿ ಮೇಲಿನ ಎರಡು ಬೆರಳಷ್ಟು ಮಣ್ಣು ಒಣಗಿದ ಮೇಲೆ ನೀರು ಕೊಡಬೇಕು. ಪೂರ್ತಿ ಒಣಗಿಸಲೂ ಬಾರದು, ಇದು ಮರಳುಗಾಡಿನ ಕಳ್ಳಿಯಲ್ಲ. ಹಳದಿಗೆ ತಿರುಗಿದ, ಬುಡ ಬೆಂಡಾದ ಹಳೆಯ ಎಲೆಗಳನ್ನು ಬುಡಸಮೇತ ತೆಗೆಯಬೇಕು. ಕತ್ತರಿಸಿದ್ದರಲ್ಲಿ ಆರೋಗ್ಯವಾದ ಗೇಣುದ್ದದ ತುಂಡನ್ನು ನೆರಳಲ್ಲಿ ಒಂದು ವಾರ ಬಿಟ್ಟು, ಗಾಯ ಒಣಗಿದ ಮೇಲೆ ಬುಡ ಕೆಳಗಾಗಿ ನೆಡಬೇಕು. ತಲೆಕೆಳಗಾಗಿ ನೆಟ್ಟು ಗಿಡವನ್ನು ಶಪಿಸಿದವರೂ ಉಂಟು. ಕೆಮ್ಮಣ್ಣು ಮಾತ್ರ ತುಂಬಿದರೆ ಗಟ್ಟಿಯಾಗಿ ಬೇರು ಕೊಳೆಯುತ್ತದೆ. ಅದಕ್ಕೆ ತರಗೆಲೆ ಗೊಬ್ಬರ, ಮರಳು, ಇಟ್ಟಿಗೆ ಚೂರು ಬೆರೆಸಬೇಕು. ಬೇರು ಇಕ್ಕಟ್ಟಾಗಿದ್ದರೆ ಹೂ ಚೆನ್ನಾಗಿ ಬರುವುದರಿಂದ ಪ್ರತಿ ವರ್ಷ ಕುಂಡ ಬದಲಿಸುವ ಅಗತ್ಯವಿಲ್ಲ. ಗೊಬ್ಬರ ಹೊಸ ಚಿಗುರು ಕಂಡ ಮೇಲೆ ಸಾಕು. ಹಿಟ್ಟು ತಿಗಣೆ ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಬೇವಿನ ಎಣ್ಣೆ ಸಿಂಪಡಿಸಬಹುದು.

ಹೊಂಗೆ ಮರದಡಿ ಕುಂಡವಿಟ್ಟವರು ಇನ್ನೊಂದನ್ನು ನೋಡಿಕೊಳ್ಳಬೇಕು. ಬಿಸಿಲು ಚುರುಕಾಗುವ ಹೊತ್ತಿಗೇ ಹೊಂಗೆ ಎಲೆ ಉದುರಿಸುತ್ತದೆ. ಯುಗಾದಿಯ ಚಿಗುರು ಬರುವವರೆಗೆ ಕುಂಡವನ್ನು ಗೋಡೆಯ ಪೂರ್ವಕ್ಕೆ ಸರಿಸುವುದು ಕ್ಷೇಮ. ಪಡುವಣ ಬಿಸಿಲಿಗೆ ಎಲೆ ಬೇಯುತ್ತದೆ.

ಗಣಿಯೂರಿಗೇ ವಿಶಿಷ್ಟವಾದ ತೊಂದರೆ ದೂಳಿನದು. 19ನೇ ಶತಮಾನದ ಕೊನೆಯಿಂದ ಸಯನೈಡ್ ಬಳಸಿ ಚಿನ್ನ ತೆಗೆದು ಬಿಸಾಡಿದ ನುಣುಪು ಪುಡಿ ಇಲ್ಲಿ ಗುಡ್ಡಗಳಾಗಿ ನಿಂತಿದೆ. ಒಣ ಗಾಳಿ ಬೀಸಿದಾಗ ಅದು ಎದ್ದು ಎಲೆಗಳ ಮೇಲೆ ಕೂರುತ್ತದೆ. ಕುಂಡಕ್ಕೆ ಮರಳಿನ ಬದಲು ಆ ಪುಡಿಯನ್ನು ಎಂದೂ ಬಳಸಬಾರದು. ಆಳದ ಬೋರ್‌ವೆಲ್‌ನ ಗಡಸು ನೀರು ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿಸುತ್ತದೆ. ಹಿಡಿದಿಟ್ಟ ಮಳೆನೀರಿದ್ದರೆ ಅದೇ ಉತ್ತಮ.

2001ರ ಫೆಬ್ರವರಿ 28ರಂದು, ಇಂಥದೇ ಒಣ ದಿನಗಳಲ್ಲಿ, ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಅವನ್ನು ಮುಚ್ಚಿತು. ಕೆಲಸ ಕಳೆದುಕೊಂಡ ಅನೇಕರು ಬಂಗಾರಪೇಟೆಯ ದಾರಿಯಾಗಿ ದಿನವೂ ಬೆಂಗಳೂರಿಗೆ ರೈಲಿನಲ್ಲಿ ದುಡಿಯಲು ಹೋಗುವವರಾದರು. ನಸುಕಿನಲ್ಲಿ ಹೊರಟು ರಾತ್ರಿ ಮರಳುವ ಮನೆಗೆ ಹಗಲಲ್ಲಿ ಅರಳುವ ಹೂವಿಗಿಂತ ರಾತ್ರಿಯದೇ ಒಪ್ಪುತ್ತದೆ. ಮಾಘದಲ್ಲಿ ನೆಟ್ಟ ಎಲೆ ಮೊದಲ ಹೂ ಕೊಡಲು ಸಾಮಾನ್ಯವಾಗಿ ಎರಡು ಮೂರು ವರ್ಷ ಹಿಡಿಯುತ್ತದೆ.