ಬೇರಿನ ಕೋಣೆ ತುಂಬಿದ ಗಣಕ

‘ಸರ್ವರ್ ಇಲ್ಲ, ನಾಳೆ ಬನ್ನಿ.’

ಪಹಣಿಗೋ ಪಡಿತರಕ್ಕೋ ಪಿಂಚಣಿಗೋ ಅಲೆದವರಿಗೆ ಈ ಮಾತು ಹೊಸದಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರದಂಥ ಊರುಗಳಲ್ಲಿ ಇದನ್ನು ಕೇಳಿದವರು ಗೊಣಗುತ್ತಾ ಮನೆಗೆ ಮರಳಬಹುದು. ಆದರೆ ಕಾಕನಕೋಟೆಯ ಕಾಡಂಚಿನ ಹಾಡಿಯಿಂದ ಬಸ್ಸು ಹಿಡಿದು ಹೆಗ್ಗಡದೇವನಕೋಟೆಗೆ ಬಂದವರಿಗೆ ಆ ‘ನಾಳೆ’ ಎಂದರೆ ಇನ್ನೊಂದು ದಿನದ ಕೂಲಿ ಹೋಯಿತೆಂದೇ ಅರ್ಥ.

ಸರ್ವರ್ ‘ಇಲ್ಲ’ವಾಗುವುದಕ್ಕೆ ಕಾರಣಗಳು ಹಲವು. ವಿದ್ಯುತ್ ಹೋಗಿರಬಹುದು, ತಂತಿ ಕಡಿದಿರಬಹುದು. ಅವುಗಳ ನಡುವೆ ಒಂದು ಕಾರಣ ಮಾತ್ರ ವಿಚಿತ್ರವಾದದ್ದು. ಯಂತ್ರ ಕೆಟ್ಟಿರುವುದಿಲ್ಲ, ಸಂಪರ್ಕವೂ ಸರಿಯಾಗಿರುತ್ತದೆ. ಗಣಕದಲ್ಲಿ ಬರೆದುಕೊಳ್ಳಲು ಜಾಗ ಮುಗಿದಿರುತ್ತದೆ. ಅದೂ ಇಡೀ ಡಿಸ್ಕ್ ತುಂಬಿರುವುದಿಲ್ಲ, ಒಂದು ಕೋಣೆ ಮಾತ್ರ ತುಂಬಿರುತ್ತದೆ. ಗಣಕದ ಕಸುಬಿನವರು ಅದನ್ನು ‘ರೂಟ್ ಪಾರ್ಟಿಷನ್’, ಅಂದರೆ ಬೇರಿನ ವಿಭಾಗ, ಎನ್ನುತ್ತಾರೆ. ಒಂದು ಕೋಣೆ ತುಂಬಿದರೆ ಇಡೀ ಮನೆಯ ಸಂಸಾರ ನಿಲ್ಲುವುದೇಕೆ? ಇದಕ್ಕೆ ಉತ್ತರ ಐವತ್ತು ವರ್ಷಗಳ ಹಿಂದಿನ ಒಂದು ಸಣ್ಣ ಡಿಸ್ಕ್‌ನಲ್ಲಿದೆ.

ಅರ್ಧ ಮೆಗಾಬೈಟಿನ ಮನೆ

ಇಂದಿನ ಅನೇಕ ಸರ್ವರ್‌ಗಳನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದರು. ಅದರ ಮಾದರಿ ಮಾತ್ರ ಇನ್ನೂ ಹಳೆಯದು: ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಕಟ್ಟಲು ತೊಡಗಿದ ಯೂನಿಕ್ಸ್. ಈ ಪದ್ಧತಿಯಲ್ಲಿ ಗಣಕದ ಕಡತಗಳೆಲ್ಲ ಒಂದೇ ಮರದ ಕೊಂಬೆ ರೆಂಬೆಗಳಂತೆ ಜೋಡಣೆಗೊಂಡಿರುತ್ತವೆ. ಮರದ ಬುಡಕ್ಕೆ ‘ರೂಟ್’ ಎಂದು ಹೆಸರು. ಒಂದು ಓರೆಗೆರೆ ಎಳೆದರೆ ಅದೇ ಅದರ ಗುರುತು.

1970ರ ಬೇಸಿಗೆಯ ಕೊನೆಯಲ್ಲಿ ಇವರಿಗೆ ಪಿಡಿಪಿ-11 ಎಂಬ ಹೊಸ ಗಣಕ ಬಂತು. ಯಂತ್ರವೇನೋ ಬಂತು, ಡಿಸ್ಕ್ ಬರಲಿಲ್ಲ. ಅದು ಬಂದಿಳಿದದ್ದು ಡಿಸೆಂಬರಿನಲ್ಲಿ. ಅಲ್ಲಿಯ ತನಕ ಆ ಗಣಕಕ್ಕೆ ಒಂದು ಲೆಕ್ಕ ಕೊಟ್ಟು ಕೂರಿಸಲಾಯಿತು. ಆರು ಎಂಟರ ಚದುರಂಗದ ಹಾಸಿನಲ್ಲಿ ಕುದುರೆಯು ಪ್ರತಿ ಮನೆಯನ್ನೂ ಒಂದೇ ಸಲ ಮೆಟ್ಟಿ, ಹೊರಟ ಮನೆಗೇ ಮರಳುವ ದಾರಿಗಳೆಷ್ಟು ಎಂಬ ಲೆಕ್ಕ ಅದು. ಕುದುರೆಯ ಈ ಸಂಚಾರದ ಆಟ ಮೈಸೂರಿನವರಿಗೆ ಅಪರಿಚಿತವಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೆಯ ಶತಮಾನದಲ್ಲೇ ಇದರಲ್ಲಿ ಪಳಗಿದ್ದರು. ಗಣಕಕ್ಕೆ ಅದು ಮೂರು ತಿಂಗಳ ಕೆಲಸವಾಯಿತು. ಇಡಲು ಜಾಗವಿಲ್ಲದ ಗಣಕ ಲೆಕ್ಕ ಮಾಡಬಲ್ಲದೇ ಹೊರತು ಊರಿನ ಕೆಲಸಕ್ಕೆ ಒದಗಲಾರದು ಎಂಬುದಕ್ಕೆ ಇದು ಮೊದಲ ಪಾಠ.

ಡಿಸ್ಕ್ ಬಂದಾಗ ಅದರ ಅಳತೆ 512 ಕಿಲೋಬೈಟ್, ಅಂದರೆ ಅರ್ಧ ಮೆಗಾಬೈಟ್. ಗಣಕದ ನೆನಪುಕೋಶ 24 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರ ಆ ಡಿಸ್ಕ್‌ನಲ್ಲಿ ಹಿಡಿಸುವುದು ಕಷ್ಟ. ಆ ಸಣ್ಣ ಡಿಸ್ಕ್ ವೇಗವಾದದ್ದು, ಹೀಗಾಗಿ ಗಣಕ ಎದ್ದು ನಿಲ್ಲಲು ಬೇಕಾದ ಮೂಲ ಕಡತಗಳು ಅದರಲ್ಲಿ ಉಳಿದವು. ಬಳಕೆದಾರರ ಕಡತಗಳು ನಿಧಾನವಾದ, ಆದರೆ ವಿಶಾಲವಾದ ಇನ್ನೊಂದು ಡಿಸ್ಕ್‌ಗೆ ಹೋದವು. ವ್ಯವಸ್ಥೆ ಬೆಳೆದು ಮೊದಲ ಡಿಸ್ಕ್‌ನಲ್ಲಿ ಹಿಡಿಸದಾದಾಗ ಅದರ ಕ್ರಮವಿಧಿಗಳು ಬಳಕೆದಾರರ ಡಿಸ್ಕ್‌ನಲ್ಲೂ ಒಂದು ಮೂಲೆ ಹಿಡಿದವು.

ಬೇರಿಗೊಂದು ಸಣ್ಣ ಕೋಣೆ, ಉಳಿದದ್ದಕ್ಕೆ ದೊಡ್ಡ ಹಜಾರ ಎಂಬ ಏರ್ಪಾಡು ಹುಟ್ಟಿದ್ದು ಹೀಗೆ, ಬಡತನದಿಂದ. ಮುಂದೆ ಡಿಸ್ಕ್‌ಗಳು ಸಾವಿರ, ಲಕ್ಷ ಪಟ್ಟು ಬೆಳೆದರೂ ಗೋಡೆ ಉಳಿಯಿತು. ಹಂಚಿಹೋಗಿದ್ದ ಕ್ರಮವಿಧಿಗಳನ್ನು ಒಂದೆಡೆ ಸೇರಿಸುವ ಕೆಲಸವನ್ನು ಫೆಡೋರಾ ಎಂಬ ಲಿನಕ್ಸ್ ಆವೃತ್ತಿ ಮಾಡಿದ್ದು 2012ರಲ್ಲಿ; ಡೆಬಿಯನ್ ಎಂಬ ಇನ್ನೊಂದು ಆವೃತ್ತಿ ಅದನ್ನು ಕಡ್ಡಾಯ ಮಾಡಿದ್ದು 2023ರಲ್ಲಿ. ಕೋಣೆಗಳನ್ನು ಬೇರೆ ಇಡುವುದರಿಂದ ಒಂದು ಲಾಭವೂ ಇತ್ತೆನ್ನಿ: ಬಳಕೆದಾರನೊಬ್ಬ ಹಜಾರವನ್ನು ತುಂಬಿಸಿಬಿಟ್ಟರೂ ಬೇರಿಗೆ ಅಪಾಯವಿಲ್ಲ. ಬೇರಿನ ಕೋಣೆಯೇ ತುಂಬಿದರೆ ಮಾತ್ರ ಹಜಾರ ಖಾಲಿ ಬಿದ್ದಿದ್ದರೂ ಪ್ರಯೋಜನವಿಲ್ಲ. ವಿಂಡೋಸ್ ಬಳಸುವವರು ‘ಸಿ ಡ್ರೈವ್ ಫುಲ್’ ಎನ್ನುವುದೂ ಇದೇ ಜಾತಿಯ ಕಷ್ಟ.

ರೋಗ ಮತ್ತು ಮದ್ದು

ಗಣಕ ಕೆಲಸ ಮಾಡುವಾಗಲೆಲ್ಲ ಏನಾದರೂ ಬರೆದುಕೊಳ್ಳುತ್ತಲೇ ಇರುತ್ತದೆ. ಯಾರು ಒಳಬಂದರು, ಯಾವ ಕೆಲಸ ಕೆಟ್ಟಿತು, ಯಾವಾಗ ಎಂಬುದನ್ನೆಲ್ಲ ದಿನಚರಿಯಲ್ಲಿ ಗುರುತು ಹಾಕುತ್ತದೆ. ಇದಕ್ಕೆ ‘ಲಾಗ್’ ಎಂದು ಹೆಸರು. ಕೋಣೆ ತುಂಬುತ್ತಾ ಬಂದಂತೆ ಹೊಸ ಕಡತಗಳಿಗೆ ಒಂದೇ ಕಡೆ ಜಾಗ ಸಿಗದೆ ಚೂರು ಚೂರಾಗಿ ಹರಡುತ್ತವೆ. ತಿರುಗುವ ಹಳೆಯ ಡಿಸ್ಕ್‌ನ ಮುಳ್ಳು ಅಲ್ಲಿಗೂ ಇಲ್ಲಿಗೂ ಓಡಾಡಿ ಗಣಕ ಮಂದವಾಗುತ್ತದೆ. ಪೂರ್ತಿ ತುಂಬಿದ ಮೇಲೆ ತಾತ್ಕಾಲಿಕ ಕಡತವನ್ನೂ ಬರೆಯಲಾಗದು. ಗುಪ್ತಪದ ಸರಿಯಿದ್ದರೂ ಒಳಗೆ ಬಿಡದೆ ಮತ್ತೆ ಮತ್ತೆ ಗುಪ್ತಪದವನ್ನೇ ಕೇಳುವ ಗಣಕವನ್ನು ಕಂಡವರು ವೈರಸ್ ಎಂದು ಹೆದರುವುದುಂಟು. ಎಷ್ಟೋ ಸಲ ಅದು ಜಾಗದ ಬರ, ಅಷ್ಟೆ.

ಪತ್ತೆ ಹಚ್ಚುವ ಉಪಕರಣಗಳೂ ರೋಗದಷ್ಟೇ ಹಳೆಯವು. ಎಷ್ಟು ಜಾಗ ಉಳಿದಿದೆ ಎಂದು ಹೇಳುವ ‘ಡಿಎಫ್’, ಯಾವ ಕೊಂಬೆ ಎಷ್ಟು ತಿಂದಿದೆ ಎಂದು ತೋರಿಸುವ ‘ಡಿಯು’ ಎರಡೂ 1971ರ ಯೂನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯಲ್ಲೇ ಇವೆ. ಇಂದಿಗೂ ತಿಳಿದವರು ಮೊದಲು ಬೆರಳಚ್ಚಿಸುವುದು ಇವನ್ನೇ. ಸಾಮಾನ್ಯವಾಗಿ ಸಿಕ್ಕಿಬೀಳುವ ಕಳ್ಳರು ಮೂವರು: ಊದಿಕೊಂಡ ದಿನಚರಿ, ಹೊಸದು ಬಂದ ಮೇಲೂ ಉಳಿದ ಹಳೆಯ ತಿರುಳು ಅಥವಾ ‘ಕರ್ನೆಲ್’, ಮತ್ತು ಅಳವಡಿಸಿದ ಮೇಲೂ ಬಿದ್ದಿರುವ ತಂತ್ರಾಂಶದ ಕಟ್ಟುಗಳು.

ಇವು ಮೂರೂ ಅಲ್ಲದಿದ್ದರೆ ಇನ್ನೂ ಮೂರು ಒಗಟುಗಳಿವೆ. ಅವನ್ನು ಕಂದಾಯ ಕಚೇರಿಯ ಭಾಷೆಯಲ್ಲಿ ಹೇಳಿದರೆ ಬೇಗ ತಿಳಿದೀತು. ಒಂದು, ಜಾಗ ಇದ್ದರೂ ತುಂಬಿದೆ ಎನ್ನುವುದು. ಪ್ರತಿ ಕಡತಕ್ಕೂ ‘ಐನೋಡ್’ ಎಂಬ ಒಂದು ಸಂಖ್ಯೆ ಬೇಕು. ಲಕ್ಷಾಂತರ ಪುಟ್ಟ ಕಡತಗಳು ಸೇರಿದರೆ ಸಂಖ್ಯೆಗಳೇ ಮುಗಿಯುತ್ತವೆ. ಜಮೀನು ಇದೆ, ಖಾತೆ ಪುಸ್ತಕದಲ್ಲಿ ಹಾಳೆ ಇಲ್ಲ ಎಂದ ಹಾಗೆ. ಎರಡು, ಅಳಿಸಿದರೂ ಜಾಗ ಬಿಡುಗಡೆಯಾಗದಿರುವುದು. ಯಾವುದೋ ಕ್ರಮವಿಧಿ ಆ ಕಡತವನ್ನು ತೆರೆದುಕೊಂಡೇ ಕೂತಿರುತ್ತದೆ. ದಾಖಲೆಯಲ್ಲಿ ಹೆಸರು ಹೊಡೆದರೂ ಅನುಭವದಲ್ಲಿರುವವನು ಜಾಗ ಬಿಟ್ಟಿಲ್ಲ. ಆ ಕ್ರಮವಿಧಿಯನ್ನು ನಿಲ್ಲಿಸಿ ಮತ್ತೆ ಆರಂಭಿಸಿದರೆ ಜಾಗ ಖುಲ್ಲಾ. ಮೂರು, ಪೂರ್ತಿ ತುಂಬುವ ಮೊದಲೇ ತುಂಬಿದೆ ಎನ್ನುವುದು. 1993ರಲ್ಲಿ ಬಂದ ಎಕ್ಸ್ಟ್-2 ಎಂಬ ಲಿನಕ್ಸ್ ಕಡತ ಪದ್ಧತಿ ಮತ್ತು ಅದರ ಸಂತತಿ, ನೂರಕ್ಕೆ ಐದು ಪಾಲನ್ನು ಮೇಲ್ವಿಚಾರಕನಿಗಾಗಿ ಮೀಸಲಿಡುತ್ತವೆ. ಎಷ್ಟೇ ಹಸಿವಾದರೂ ಬಿತ್ತನೆಗೆ ತೆಗೆದಿಟ್ಟ ರಾಗಿಗೆ ರೈತ ಕೈಹಾಕದ ಹಾಗೆ. ಆ ಪಾಲು ಇರುವುದರಿಂದಲೇ ತುಂಬಿದ ಗಣಕದೊಳಗೂ ಮೇಲ್ವಿಚಾರಕ ಹೋಗಿ ಶುಚಿ ಮಾಡಬಹುದು.

ಯಾವುದು ಕಸ?

ಇಲ್ಲಿಯವರೆಗಿನದು ಯಂತ್ರದ ಮಾತು. ಯಾವುದನ್ನು ಅಳಿಸಬೇಕು ಎಂಬಲ್ಲಿಂದ ಮುಂದಿನದು ಮನುಷ್ಯರ ಮಾತು.

ಕಾಗದದ ಕಾಲದಲ್ಲೂ ಈ ಪ್ರಶ್ನೆ ಇತ್ತು. ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮು ತುಂಬುತ್ತಿತ್ತು. ಅದಕ್ಕೆಂದೇ ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಕಡತಗಳನ್ನು ವರ್ಗ ಮಾಡುವ ಪದ್ಧತಿ ಬಂತು. ‘ಎ’ ವರ್ಗದ್ದು ಶಾಶ್ವತ. ಕೆಳಗಿಳಿದಂತೆ ಆಯಸ್ಸು ಕಡಿಮೆ. ‘ಇ’ ವರ್ಗದ್ದನ್ನು ಒಂದು ವರ್ಷದ ಮೇಲೆ ನಾಶ ಮಾಡಬಹುದು. ಗಣಕದಲ್ಲಿ ‘ಲಾಗ್‌ರೊಟೇಟ್’ ಎಂಬ ಕ್ರಮವಿಧಿ ಮಾಡುವುದು ಇದೇ ಕೆಲಸವನ್ನು: ಸಾಮಾನ್ಯವಾಗಿ ವಾರಕ್ಕೊಮ್ಮೆ ಹೊಸ ದಿನಚರಿ ತೆರೆದು, ನಾಲ್ಕು ವಾರದ ಹಳೆಯದನ್ನು ಉಳಿಸಿಕೊಂಡು, ಅದಕ್ಕೂ ಹಿಂದಿನದನ್ನು ತೆಗೆದುಹಾಕುತ್ತದೆ. ವ್ಯತ್ಯಾಸ ಒಂದೇ. ಕಚೇರಿಯಲ್ಲಿ ನಾಶ ಮಾಡುವ ಮೊದಲು ಒಬ್ಬರು ಓದಿ ಸಹಿ ಹಾಕಬೇಕು. ಗಣಕದಲ್ಲಿ ಗಡುವು ಗೊತ್ತುಮಾಡಿದವರು ಮರೆತೇಹೋಗಿರಬಹುದು.

‘ಭೂಮಿ’ ಯೋಜನೆಯಲ್ಲಿ ಈ ವಿಷಯಕ್ಕೆ ಬಂದ ತೂಕ ದೊಡ್ಡದು. ಅದಕ್ಕೆ ಮೊದಲು ಪಹಣಿಗಳಿದ್ದದ್ದು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿ. 2002ರ ವೇಳೆಗೆ 177 ತಾಲ್ಲೂಕುಗಳ, ಸುಮಾರು 67 ಲಕ್ಷ ಭೂಮಾಲೀಕರ, 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುವಂತಾಯಿತು. ದಾಖಲೆ ತಿದ್ದುವ ನೌಕರರು ಬೆರಳ ಗುರುತು ಕೊಟ್ಟೇ ಒಳಹೋಗಬೇಕೆಂಬ ನಿಯಮವೂ ಬಂತು. ಯಾರು, ಯಾವಾಗ, ಏನು ತಿದ್ದಿದರು ಎಂಬುದಕ್ಕೆ ಸಾಕ್ಷಿ ಬರಹ ಹುಟ್ಟಿತು. ಕಾಗದದ ಪಹಣಿಯಲ್ಲಿ ಒರೆಸಿ ಬರೆದರೆ ಕೇಳುವವರಿರಲಿಲ್ಲ. ಗಣಕದಲ್ಲಿ ಕೇಳಬಹುದು, ಆ ಬರಹ ಉಳಿದಿದ್ದರೆ. ಜಾಗ ಮುಗಿದ ಸರ್ವರನ್ನು ಅವಸರದಲ್ಲಿ ಎಬ್ಬಿಸಲು ಹೊರಟವರಿಗೆ ಮೊದಲು ಕಣ್ಣಿಗೆ ಬೀಳುವುದು ಲಾಗ್. ಯಾವ ಲಾಗ್ ಬರಿಯ ಗೊಣಗಾಟ, ಯಾವುದು ಸಾಕ್ಷಿ ಎಂದು ತಿಳಿಯದೆ ಅಳಿಸಿದರೆ ಗಣಕ ಏಳುತ್ತದೆ, ನ್ಯಾಯ ಮಲಗುತ್ತದೆ.

ಕಾಕನಕೋಟೆಯ ಸುತ್ತ ಇದರ ಅರ್ಥ ಇನ್ನೂ ಆಳವಾದದ್ದು. ಆನೆ ಹಿಡಿಯುವ ಖೆಡ್ಡಾಗಳಿಂದ ಹೆಸರಾದ ಈ ಕಾಡಿನಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ, ಯೂನಿಕ್ಸ್‌ನ ಮೊದಲ ಕೈಪಿಡಿ ಬಂದ ವರ್ಷವೇ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದ ಮೇಲೆ ಹಳೆಯ ಕಾಡಿನ, ಹಳ್ಳಿಗಳ ಒಂದು ಭಾಗ ನೀರಿನಡಿ ಸೇರಿತು. ನಾಗರಹೊಳೆಯ ಒಳಗಿನ ಹಾಡಿಗಳಿಂದ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳು ಹೊರಬಂದವು. 2006ರ ಅರಣ್ಯ ಹಕ್ಕು ಕಾಯ್ದೆಯು ಅಂಥವರಿಗೆ ಹಕ್ಕು ಕೇಳುವ ದಾರಿ ತೆರೆಯಿತು. ಹಿರಿಯರ ಹೇಳಿಕೆಯನ್ನೂ ಪುರಾವೆಯಾಗಿ ಅದರ ನಿಯಮಗಳು ಒಪ್ಪುತ್ತವೆ. ಅದರ ಜೊತೆಗೆ ಹಳೆಯ ನಕ್ಷೆ, ಜನಗಣತಿಯ ಹಾಳೆ, ಅರಣ್ಯ ಇಲಾಖೆಯ ಕಾರ್ಯಯೋಜನೆಗಳಿಗೂ ಬೆಲೆಯಿದೆ. ಆ ಹಾಳೆಗಳನ್ನು ಬರೆದವರಿಗೆ ಮುಂದೊಂದು ದಿನ ಅವು ಒಂದು ಕುಟುಂಬದ ನೆಲೆಗೆ ಸಾಕ್ಷಿಯಾಗುತ್ತವೆಂಬ ಅಂದಾಜೂ ಇದ್ದಿರಲಾರದು.

ಗಣಕ ತುಂಬುವುದು ತಪ್ಪಲ್ಲ. ಬಳಸಿದ ಯಾವ ಕೋಣೆಯೂ ತುಂಬುತ್ತದೆ. ಬೇರಿಗೆ ಸಾಕಷ್ಟು ಜಾಗ ಕೊಡುವುದು, ನೂರಕ್ಕೆ ಎಂಬತ್ತು ತುಂಬಿದಾಗಲೇ ಎಚ್ಚರಿಕೆ ಬರುವಂತೆ ಮಾಡುವುದು, ಸಾಕ್ಷಿ ಬರಹಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿದ ಮೇಲೆಯೇ ಅಳಿಸುವುದು: ಇವಿಷ್ಟು ಖರ್ಚಿಲ್ಲದ ಕೆಲಸಗಳು. 1971ರ ಡಿಸ್ಕ್‌ನಲ್ಲಿ ಜಾಗ ತುಟ್ಟಿಯಾಗಿತ್ತು, ಹಾಗಾಗಿ ಏನು ಉಳಿಯಬೇಕೆಂದು ಯೋಚಿಸದೆ ವಿಧಿಯಿರಲಿಲ್ಲ. ಇಂದು ಜಾಗ ಅಗ್ಗವಾಗಿದೆ. ಯೋಚನೆ ಮಾತ್ರ ಆಗಿನಷ್ಟೇ ಬೇಕು, ಏಕೆಂದರೆ ಅಳಿಸಿದ ದಾಖಲೆಗಾಗಿ ಬಸ್ಸು ಹಿಡಿದು ಬಂದವರಿಗೆ ‘ನಾಳೆ ಬನ್ನಿ’ ಎಂದು ಹೇಳಲೂ ಬರುವುದಿಲ್ಲ.