ಗಣತಿಯಲ್ಲಿ ಸಿಕ್ಕ ವೈರಾಣು: ಹೆಪಟೈಟಿಸ್ ಇ ಪತ್ತೆಯ ಚರಿತ್ರೆ

ಹೆಪಟೈಟಿಸ್ ಇ ವೈರಾಣುವಿನ ಚರಿತ್ರೆಯನ್ನು ಸಾಮಾನ್ಯವಾಗಿ 1983ರಿಂದ ಆರಂಭಿಸುತ್ತಾರೆ. ಅಫ್ಘಾನಿಸ್ತಾನದಲ್ಲಿದ್ದ ಸೋವಿಯತ್ ಸೈನಿಕರಿಗೆ ಕಾಮಾಲೆ ಹರಡಿದಾಗ, ವೈರಾಣುತಜ್ಞ ಮಿಖಾಯಿಲ್ ಬಲಯಾನ್ ರೋಗಿಗಳ ಮಲದಿಂದ ಸೋಸಿದ ದ್ರವವನ್ನು ತಾವೇ ಸೇವಿಸಿ ಕಾಯಿಲೆ ಬರಿಸಿಕೊಂಡರು. ಬಳಿಕ ತಮ್ಮ ಮಲದಲ್ಲಿದ್ದ ವೈರಾಣು ಕಣಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಗುರುತಿಸಿ, ಆ ವರ್ಷ ಫಲಿತಾಂಶವನ್ನು ಪ್ರಕಟಿಸಿದರು. ಅವರ ಧೈರ್ಯ ದೊಡ್ಡದು. ಆದರೆ ಈ ಕಾಮಾಲೆಗೆ ಬೇರೆಯದೇ ವೈರಾಣು ಕಾರಣವಿರಬೇಕು ಎಂಬ ವಾದ ಮೂರು ವರ್ಷ ಮೊದಲೇ, 1980ರಲ್ಲಿ, ಕಾಶ್ಮೀರದ ವೈದ್ಯ ಮೊಹಮ್ಮದ್ ಸುಲ್ತಾನ್ ಖುರೂ ಅವರ ಪ್ರಬಂಧದಲ್ಲಿ ಅಚ್ಚಾಗಿತ್ತು. ಪ್ರಯೋಗಾಲಯದ ಪುರಾವೆಗೆ ಸಂದ ಮನ್ನಣೆ ಹಳ್ಳಿಗಳಲ್ಲಿ ನಡೆದ ರೋಗಿಗಳ ಗಣತಿಗೆ ಸಂದಿಲ್ಲ. ಆ ಅನುಕ್ರಮವನ್ನು ಸರಿಪಡಿಸಿ ನೋಡುವುದು ಈ ಲೇಖನದ ಉದ್ದೇಶ.

ಕಥೆಯ ಮೊದಲ ಎಳೆ ದೆಹಲಿಯದು. 1955ರ ಯಮುನಾ ಪ್ರವಾಹದ ನಂತರ ನದಿಯ ಪಾತ್ರ ಸರಿದು, ನಜಫ್‌ಗಢ ನಾಲೆಯ ಕೊಳಚೆ ವಜೀರಾಬಾದಿನ ನೀರೆತ್ತುವ ಕೇಂದ್ರದೊಳಗೆ ನುಗ್ಗಿತು. ಅಲ್ಲಿನವರು ಕ್ಲೋರಿನ್ ಪ್ರಮಾಣವನ್ನು ಹೆಚ್ಚಿಸಿದರು, ಟೈಫಾಯ್ಡ್ ಏರಲಿಲ್ಲ. ಕಾಮಾಲೆ ಮಾತ್ರ ತಡೆಯಲಾಗದೆ ಹಬ್ಬಿತು. ಡಿಸೆಂಬರ್‌ನಿಂದ ಜನವರಿಯವರೆಗೆ ಸುಮಾರು 29,300 ಜನರಿಗೆ ಕಣ್ಣು ಹಳದಿಯಾಯಿತು ಎಂದು ಆರ್. ವಿಶ್ವನಾಥನ್ ಅವರ ಸಮೀಕ್ಷೆ ಹೇಳುತ್ತದೆ. ರೋಗ ಹೆಚ್ಚಾಗಿ ಕಾಡಿದ್ದು ಹರೆಯದವರನ್ನು. ಗರ್ಭಿಣಿಯರಲ್ಲಿ ಸಾವು ಹೆಚ್ಚು ಎಂಬುದನ್ನೂ ಅಂದಿನ ವೈದ್ಯರು ದಾಖಲಿಸಿದ್ದರು. ಆಗ ವೈರಾಣುಗಳನ್ನು ಬೇರ್ಪಡಿಸಿ ಹೇಳುವ ರಕ್ತಪರೀಕ್ಷೆ ಇರಲಿಲ್ಲವಾದ್ದರಿಂದ ಅದು ಇಂದಿನ ಹೆಪಟೈಟಿಸ್ ಎ ಎಂದೇ ಎಣಿಕೆಯಾಯಿತು.

1978ರ ನವೆಂಬರ್‌ನಲ್ಲಿ ಕಾಶ್ಮೀರದ ಗುಲ್ಮಾರ್ಗ್ ಸುತ್ತಲಿನ ಹಳ್ಳಿಗಳಲ್ಲಿ ಕಾಮಾಲೆ ಕಾಣಿಸಿಕೊಂಡಿತು. ಒಂದೇ ಮೂಲದ ನೀರು ಕುಡಿಯುತ್ತಿದ್ದ 16,620 ಜನರನ್ನು ಖುರೂ ಅಧ್ಯಯನಕ್ಕೆ ಆರಿಸಿಕೊಂಡರು. ಅವರಲ್ಲಿ 275 ಮಂದಿಗೆ ಕಾಮಾಲೆಯಾಗಿತ್ತು. ಆಗ ನಮ್ಮ ದೇಶದಲ್ಲಿ ಹೆಪಟೈಟಿಸ್ ಎ ಬಹುತೇಕರಿಗೆ ಬಾಲ್ಯದಲ್ಲೇ ತಗುಲಿ ಹೋಗಿರುತ್ತಿತ್ತು. ದೊಡ್ಡವರಾಗುವಷ್ಟರಲ್ಲಿ ಅದರ ವಿರುದ್ಧ ರಕ್ಷಣೆ ಬಂದಿರುತ್ತಿತ್ತು. ಹಾಗಿದ್ದೂ ಇಲ್ಲಿ ದುಡಿಯುವ ವಯಸ್ಸಿನವರೇ ಮಲಗಿದ್ದರು. ರಕ್ತಪರೀಕ್ಷೆಗಳೂ ಹೆಪಟೈಟಿಸ್ ಎ ಅಥವಾ ಬಿ ಈ ಹಾವಳಿಗೆ ಕಾರಣ ಎನ್ನಲಿಲ್ಲ. ರಕ್ತ ಹಾಕಿಸಿಕೊಂಡವರಲ್ಲಿ ಕಾಣುತ್ತಿದ್ದ, ಆಗಿನ್ನೂ ಹೆಸರಿಲ್ಲದ ಕಾಮಾಲೆಗಿಂತಲೂ ಇದು ಭಿನ್ನ ಎಂದು ಖುರೂ ವಾದಿಸಿದರು.

ಅವರ ತಂಡ 1981ರಲ್ಲಿ ಪ್ರಕಟಿಸಿದ ಅಂಕಿಗಳನ್ನು ಓದುವಾಗ ಈಗಲೂ ಮನಸ್ಸು ಕಲಕುತ್ತದೆ. 208 ಗರ್ಭಿಣಿಯರಲ್ಲಿ 36 ಮಂದಿಗೆ, ಅಂದರೆ ಶೇ. 17.3ರಷ್ಟು ಜನರಿಗೆ ರೋಗ ತಗುಲಿತ್ತು. ಗರ್ಭಿಣಿಯರಲ್ಲದ ಹೆಂಗಸರಲ್ಲಿ ಆ ಪ್ರಮಾಣ ಶೇ. 2.1, ಗಂಡಸರಲ್ಲಿ ಶೇ. 2.8. ಆ 36 ಬಸುರಿಯರಲ್ಲಿ 8 ಮಂದಿಯ ಯಕೃತ್ತು ಹಠಾತ್ತನೆ ಕೈಕೊಟ್ಟಿತು. ಗರ್ಭಿಣಿಯರಲ್ಲದ 71 ರೋಗಿ ಮಹಿಳೆಯರಲ್ಲಿ ಒಬ್ಬರಿಗೂ ಹಾಗಾಗಲಿಲ್ಲ. ಬಸುರಿಯರನ್ನು ಉಳಿದ ಹೆಂಗಸರಿಂದ ಬೇರೆಯಾಗಿ ಎಣಿಸಿರದಿದ್ದರೆ ಈ ರೋಗದ ಸ್ವಭಾವ ಕೈಗೆ ಸಿಗುತ್ತಲೇ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಖುರೂ ಅವರ ಸಾಧನೆಯ ತಿರುಳು ಇದೇ. ಕಣಿವೆಯಲ್ಲಿ ಈ ಹಾವಳಿ ಸುಮಾರು 52,000 ಜನರನ್ನು ಬಾಧಿಸಿ, 1,700 ಜೀವಗಳನ್ನು ತೆಗೆದುಕೊಂಡಿತು ಎಂಬುದು ಅವರೇ ಮುಂದೆ ನೀಡಿದ ಲೆಕ್ಕ.

ಅದೇ 1980ರಲ್ಲಿ ಇನ್ನೊಂದು ಸಾಕ್ಷ್ಯ ಹೊರಬಂತು. ಮಂಗನ ಕಾಯಿಲೆಯ ಸಂಶೋಧನೆಯಿಂದ ಮಲೆನಾಡಿನವರಿಗೆ ಪರಿಚಿತವಾದ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಖೋರ್ಶೆದ್ ಪಾವ್ರಿ, ಎಂ. ಎ. ಶ್ರೀನಿವಾಸನ್ ಮೊದಲಾದವರು ಅಮೆರಿಕದ ವಿಜ್ಞಾನಿಗಳಾದ ವಾಂಗ್ ಮತ್ತು ಪರ್ಸೆಲ್ ಜೊತೆಗೂಡಿ, 1955–56ರ ದೆಹಲಿ ಹಾವಳಿಯ ಕಾಲದಿಂದ ಕಾಪಿಟ್ಟಿದ್ದ ರಕ್ತಸಾರವನ್ನು ಹೊಸ ಪರೀಕ್ಷೆಗೆ ಒಡ್ಡಿದರು. ಅಹಮದಾಬಾದ್ ಮತ್ತು ಪುಣೆಯ ಮಾದರಿಗಳೂ ಜೊತೆಗಿದ್ದವು. ಎ ಅಲ್ಲ, ಬಿ ಅಲ್ಲ ಎಂಬ ಉತ್ತರವೇ ಬಂತು. ಕಾಲು ಶತಮಾನ ಆ ಸೀಸೆಗಳನ್ನು ಎಸೆಯದೆ ಜೋಪಾನ ಮಾಡಿದವರೂ ಈ ಚರಿತ್ರೆಯಲ್ಲಿ ಪಾಲುದಾರರು.

ಉಳಿದದ್ದು ಹಂತ ಹಂತವಾಗಿ ನಡೆಯಿತು. 1990ರಲ್ಲಿ ವಿಜ್ಞಾನಿ ರೇಯೆಸ್ ಅವರ ತಂಡ ವೈರಾಣುವಿನ ತಳಿಸಾಮಗ್ರಿಯ ಭಾಗವನ್ನು ಪ್ರತ್ಯೇಕಿಸಿತು, ಮರುವರ್ಷ ಪೂರ್ಣ ವಿನ್ಯಾಸ ತಿಳಿಯಿತು. ಚೀನಾ 2011ರಲ್ಲಿ ಲಸಿಕೆಗೆ ಪರವಾನಗಿ ಕೊಟ್ಟಿತು. ಹಾವಳಿಯೊಂದನ್ನು ತಡೆಯಲು ಆ ಲಸಿಕೆ ಮೊದಲ ಬಾರಿಗೆ ಬಳಕೆಯಾದದ್ದು 2022ರಲ್ಲಿ, ದಕ್ಷಿಣ ಸುಡಾನಿನ ಬೆಂಟಿಯುವಿನಲ್ಲಿ, ದೇಶದೊಳಗೇ ನೆಲೆ ತಪ್ಪಿದವರ ಶಿಬಿರದಲ್ಲಿ. ಅಲ್ಲಿ ಲಸಿಕೆ ಪಡೆದವರಲ್ಲಿ ಗರ್ಭಿಣಿಯರೂ ಇದ್ದರು.