ಹುಬ್ಬಳ್ಳಿ-ಧಾರವಾಡದ ಉದ್ಯಮ ಸ್ಥಾಪಕರು

ಹುಬ್ಬಳ್ಳಿ-ಧಾರವಾಡ ಅವಳಿನಗರ ಮತ್ತು ಅದರ ಸುತ್ತಲಿನ ಸೀಮೆಯಲ್ಲಿ ಹುಟ್ಟಿ ಅಥವಾ ಇಲ್ಲಿಗೆ ಬಂದು ನೆಲೆಸಿ, ಸ್ವಂತ ಉದ್ಯಮ ಕಟ್ಟಿದವರಲ್ಲಿ ಕೆಲವರ ಹೆಸರು ನಾಡಿನಾಚೆಗೂ ಪರಿಚಿತ. ಸಾರಿಗೆಯ ವಿಜಯ ಸಂಕೇಶ್ವರ, ಪೇಡೆಯ ಠಾಕೂರ್ ಮತ್ತು ಮಿಶ್ರಾ ಮನೆತನಗಳು, ಪ್ರಕಾಶನದ ಜಿ. ಬಿ. ಜೋಶಿ, ಯಂತ್ರೋದ್ಯಮದ ಲಕ್ಷ್ಮಣರಾವ್ ಕಿರ್ಲೋಸ್ಕರ್, ದೂರಸಂಪರ್ಕ ತಂತ್ರಜ್ಞಾನದ ಗುರುರಾಜ ದೇಶಪಾಂಡೆ ಇವರಲ್ಲಿ ಮುಖ್ಯರು. ಇವರ ಬದುಕನ್ನು ಜನ ಸಾಮಾನ್ಯವಾಗಿ ಧೈರ್ಯದ ಕಥೆಯಾಗಿ ಹೇಳುತ್ತಾರೆ: ಒಂದು ಲಾರಿ, ಒಂದು ಬಾಣಲೆ, ಒಂದು ಸೈಕಲ್ ಅಂಗಡಿ. ಹತ್ತಿರದಿಂದ ನೋಡಿದರೆ ಧೈರ್ಯಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬೀಳುವುದು ಯಾರಿಗೂ ಬೇಡವಾದ ಬೇಸರದ ಕೆಲಸ. ರಿಪೇರಿ, ಗೋಡೌನು, ಸರಕು ಸಾಗಣೆ, ಬಾಕಿ ವಸೂಲಿ ಇವನ್ನು ಬೇರೆಯವರ ಕೈಗೆ ಬಿಡದೆ ತಾವೇ ನೋಡಿಕೊಂಡದ್ದು ಇವರಲ್ಲಿ ಹಲವರಿಗೆ ಸಮಾನವಾದ ಸಂಗತಿ.

ಹಿನ್ನೆಲೆ

ಹುಬ್ಬಳ್ಳಿ ಮೊದಲಿನಿಂದಲೂ ಹತ್ತಿಯ ಪೇಟೆ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ಧಾರವಾಡ ಸೀಮೆಯ ಹತ್ತಿಗೆ ಒಮ್ಮೆಲೆ ಬೇಡಿಕೆ ಬಂತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದು, ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪ್ ಆಯಿತು. ಫಿಟ್ಟರು, ಟರ್ನರು, ಮೋಲ್ಡರುಗಳ ಒಂದು ಇಡೀ ವರ್ಗವೇ ಊರಿನಲ್ಲಿ ಬೆಳೆಯಿತು. ಧಾರವಾಡ ಆಡಳಿತ ಮತ್ತು ವಿದ್ಯೆಯ ಊರಾಗಿ ಉಳಿದುಕೊಂಡಿತು. ಸುಮಾರು 20 ಕಿ.ಮೀ. ಅಂತರದ ಈ ಎರಡು ಊರುಗಳಿಗೆ 1962ರಲ್ಲಿ ಒಂದೇ ಮಹಾನಗರಪಾಲಿಕೆಯಾಯಿತು. ವರ್ತಕರ ಸಂಸ್ಥೆಯಾದ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಹುಬ್ಬಳ್ಳಿಯಲ್ಲಿ 1928ರಿಂದ ಇದೆ. ಇಂದಿನ ಗದಗ ಮತ್ತು ಹಾವೇರಿ ಜಿಲ್ಲೆಗಳು 1997ರವರೆಗೆ ಧಾರವಾಡ ಜಿಲ್ಲೆಯ ಭಾಗವಾಗಿದ್ದವು. ಹೀಗಾಗಿ ಗದಗಿನವರು, ಶಿಗ್ಗಾವಿಯವರು ಹುಬ್ಬಳ್ಳಿಯನ್ನು ತಮ್ಮ ಪೇಟೆ ಎಂದೇ ಎಣಿಸುತ್ತಿದ್ದರು, ಈಗಲೂ ಎಣಿಸುತ್ತಾರೆ.

ವಿಜಯ ಸಂಕೇಶ್ವರ ಮತ್ತು ಪಾರ್ಸಲ್ ಲಾರಿ

ವಿಜಯ ಸಂಕೇಶ್ವರ 1950ರ ಆಗಸ್ಟ್ 2ರಂದು ಹುಟ್ಟಿದರು. ಮನೆತನ ಗದಗ-ಬೆಟಗೇರಿಯದು, ಕಸುಬು ಮುದ್ರಣ ಮತ್ತು ಪುಸ್ತಕ ಪ್ರಕಾಶನ. ಮನೆಯ ಕಸುಬು ಬಿಟ್ಟು ಲಾರಿ ಧಂದೆಗೆ ಇಳಿಯುವುದು ಹಿರಿಯರಿಗೆ ಒಪ್ಪಿಗೆಯಾಗಿರಲಿಲ್ಲ. ಆದರೂ 1976ರಲ್ಲಿ ಅವರು ಸಾಲ ಮಾಡಿ ಒಂದು ಲಾರಿ ಕೊಂಡರು. ವ್ಯವಹಾರ ಮುಂದೆ ಹುಬ್ಬಳ್ಳಿಗೆ ಬಂತು. 1983ರಲ್ಲಿ ಅದು ವಿಜಯಾನಂದ ರೋಡ್‌ಲೈನ್ಸ್ ಎಂಬ ಪ್ರೈವೇಟ್ ಲಿಮಿಟೆಡ್ ಕಂಪನಿಯಾಯಿತು. 2006ರಲ್ಲಿ ವಿಆರ್‌ಎಲ್ ಲಾಜಿಸ್ಟಿಕ್ಸ್ ಎಂದು ಹೆಸರು ಬದಲಾಯಿತು.

ಒಂದೇ ಲಾರಿಯಿಂದ ಸಾವಿರಾರು ಲಾರಿ ಎಂಬ ಮಾತು ಉತ್ತರ ಕರ್ನಾಟಕದಲ್ಲಿ ಎಷ್ಟು ಪ್ರಚಲಿತವೆಂದರೆ 2022ರಲ್ಲಿ ಅದರ ಮೇಲೆ ‘ವಿಜಯಾನಂದ’ ಎಂಬ ಸಿನಿಮಾವೇ ಬಂತು. ಆದರೆ ಒಂದು ಲಾರಿ ಇಟ್ಟುಕೊಂಡವರು ಆ ಕಾಲದಲ್ಲಿ ಊರೂರಿಗೂ ಇದ್ದರು. ಅವರಲ್ಲಿ ಹೆಚ್ಚಿನವರು ಪೂರ್ತಿ ಲೋಡಿನ ಬಾಡಿಗೆ ಹೊಡೆಯುತ್ತಿದ್ದರು: ಬ್ರೋಕರ್ ಕೊಟ್ಟ ಮಾಲು ತುಂಬಿಕೊಂಡು ಹೋಗುವುದು, ಹೋದ ಊರಲ್ಲಿ ರಿಟರ್ನ್ ಲೋಡಿಗಾಗಿ ಎರಡು ಮೂರು ದಿನ ಕಾಯುವುದು, ಸಿಗದಿದ್ದರೆ ಖಾಲಿ ಗಾಡಿ ತರುವುದು. ಡೀಸೆಲ್ಲು, ಟೈರು, ಬ್ರೋಕರನ ಕಮಿಷನ್ ಕಳೆದರೆ ಮಾಲೀಕನ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಸಂಕೇಶ್ವರರ ಕಂಪನಿ ಬೆಳೆದದ್ದು ಪಾರ್ಸಲ್ ವ್ಯವಹಾರದಲ್ಲಿ, ಅಂದರೆ ಬೇರೆ ಬೇರೆ ವರ್ತಕರ ಸಣ್ಣ ಸಣ್ಣ ಮಾಲನ್ನು ಒಂದೇ ಗಾಡಿಯಲ್ಲಿ ಕೂಡಿಸಿ ಒಯ್ಯುವುದರಲ್ಲಿ.

ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಬಟ್ಟೆ ವ್ಯಾಪಾರಿ ಎರಡು ಗಂಟು, ಔಷಧದವನು ನಾಲ್ಕು ಪೆಟ್ಟಿಗೆ, ಮೋಟರ್ ಪಾರ್ಟ್ಸ್ ಅಂಗಡಿಯವನು ಒಂದು ಚೀಲ ತಂದು ಬುಕಿಂಗ್ ಆಫೀಸಿನಲ್ಲಿ ಹಾಕುತ್ತಾರೆ. ಗುಮಾಸ್ತ ತೂಕ ಮಾಡಿಸಿ ಬಿಲ್ಟಿ, ಅಂದರೆ ಸರಕಿನ ರಸೀದಿ, ಬರೆಯುತ್ತಾನೆ. ಬಾಡಿಗೆ ಇಲ್ಲಿಯೇ ಕಟ್ಟಿದರೆ ‘ಪೇಯ್ಡ್’, ಮಾಲು ಬಿಡಿಸಿಕೊಳ್ಳುವವನು ಕಟ್ಟುವುದಾದರೆ ‘ಟು ಪೇ’. ಪ್ರತಿ ಗಂಟು, ಪೆಟ್ಟಿಗೆಯ ಮೇಲೂ ನಂಬರ್ ಬೀಳುತ್ತದೆ. ಸಂಜೆ ಹಮಾಲರು ಊರುವಾರು ವಿಂಗಡಿಸಿ ಲೋಡ್ ಮಾಡುತ್ತಾರೆ. ಮೊದಲು ಇಳಿಯಬೇಕಾದ ಮಾಲು ಕೊನೆಗೆ ಏರಬೇಕು. ಇಲ್ಲಿ ತಪ್ಪಿದರೆ ನಡುರಾತ್ರಿ ಅರ್ಧ ಗಾಡಿ ಇಳಿಸಿ ಮತ್ತೆ ಏರಿಸುವ ಪ್ರಸಂಗ. ದೊಡ್ಡ ಕೇಂದ್ರದಲ್ಲಿ ಎಲ್ಲವನ್ನೂ ಇಳಿಸಿ, ಬೇರೆ ದಿಕ್ಕಿನ ಗಾಡಿಗಳಿಗೆ ಹಂಚಿ, ಅಲ್ಲಿಂದ ಸಣ್ಣ ಊರಿನ ಗೋಡೌನಿಗೆ ಮುಟ್ಟಿಸುತ್ತಾರೆ. ಪೂರ್ತಿ ಲೋಡಿಗಿಂತ ಇದರಲ್ಲಿ ಕೆ.ಜಿ.ಗೆ ಸಿಗುವ ಬಾಡಿಗೆ ಹೆಚ್ಚು, ಒಬ್ಬ ಗಿರಾಕಿ ಬಿಟ್ಟುಹೋದರೂ ಧಂದೆ ನಿಲ್ಲುವುದಿಲ್ಲ. ಆದರೆ ಇದನ್ನು ಒಂದು ಲಾರಿಯಿಂದ ಮಾಡಲು ಬರುವುದಿಲ್ಲ. ಊರೂರಿಗೆ ಬ್ರಾಂಚು, ಬಿಲ್ಟಿ ಬರೆಯುವ ನಂಬಿಕಸ್ಥರು, ಹೇಳಿದ ಹೊತ್ತಿಗೆ ಹೊರಡುವ ಗಾಡಿ ಬೇಕು. ಸಂಕೇಶ್ವರರ ನಿಜವಾದ ಬಂಡವಾಳ ಈ ಬ್ರಾಂಚುಗಳ ಜಾಲವೇ. ಸಿನಿಮಾದಲ್ಲಿ ತೋರಿಸಲು ಅದು ಲಾರಿಯಷ್ಟು ಚಂದ ಕಾಣುವುದಿಲ್ಲ, ಅಷ್ಟೆ.

ಎರಡನೆಯ ಸಂಗತಿ ವರ್ಕ್‌ಶಾಪ್. ಹುಬ್ಬಳ್ಳಿಯಿಂದ ಬೆಂಗಳೂರಿನ ದಾರಿಯಲ್ಲಿರುವ ವರೂರಿನಲ್ಲಿ ಕಂಪನಿ ತನ್ನದೇ ವಿಶಾಲ ಆವರಣ ಮಾಡಿಕೊಂಡು, ಲಾರಿಗಳ ಬಾಡಿ ಕಟ್ಟುವುದು, ರಿಪೇರಿ ಮಾಡುವುದು ಎಲ್ಲವನ್ನೂ ಅಲ್ಲಿಯೇ ನಡೆಸಿತು. ಗಾಡಿಗಳು ಬಹುಪಾಲು ಕಂಪನಿಯದ್ದೇ. ಬಾಡಿಗೆ ಗಾಡಿ ಹಿಡಿದು ಹಗುರಾಗಿ ಓಡಾಡುವುದೇ ಜಾಣತನ ಎಂದು ಸಾರಿಗೆ ವಲಯದ ಹಲವು ಕಂಪನಿಗಳು ತೀರ್ಮಾನಿಸಿದ ಕಾಲದಲ್ಲಿ ಇದು ಉಲ್ಟಾ ದಾರಿ. ರೈಲ್ವೆ ವರ್ಕ್‌ಶಾಪಿನ ನೆರಳಿನಲ್ಲಿ ಬೆಳೆದ ಊರಿನಲ್ಲಿ ಕೈಕೆಲಸದವರು ಸುಲಭವಾಗಿ ಸಿಗುತ್ತಿದ್ದುದು ಇದಕ್ಕೆ ಅನುಕೂಲವಾಗಿರಲು ಸಾಕು.

1996ರಲ್ಲಿ ಬಸ್ಸುಗಳು ಬಂದವು. ಅದೇ ವರ್ಷ ಸಂಕೇಶ್ವರ ಧಾರವಾಡ ಉತ್ತರ ಕ್ಷೇತ್ರದಿಂದ ಲೋಕಸಭೆಗೆ ಗೆದ್ದರು. 1998 ಮತ್ತು 1999ರಲ್ಲಿ ಮತ್ತೆ ಗೆದ್ದರು. 1999ರಲ್ಲಿ ‘ವಿಜಯ ಕರ್ನಾಟಕ’ ದಿನಪತ್ರಿಕೆ ಹೊರಟಿತು. ಕಡಿಮೆ ಬೆಲೆ, ಹಲವು ಊರುಗಳಿಂದ ಆವೃತ್ತಿ, ಬೆಳಗಾಗುವುದರೊಳಗೆ ಹಳ್ಳಿಗೆ ಪತ್ರಿಕೆ ಎಂಬ ಲೆಕ್ಕಾಚಾರದ ಮೇಲೆ ಅದು ಕೆಲವೇ ವರ್ಷಗಳಲ್ಲಿ ಕನ್ನಡದ ಅತಿ ಹೆಚ್ಚು ಪ್ರಸಾರದ ಪತ್ರಿಕೆಯಾಯಿತು. ಪತ್ರಿಕೆಯ ಯಶಸ್ಸಿಗೆ ಬರವಣಿಗೆಯ ಕಾರಣಗಳನ್ನು ಬಹಳ ಜನ ಹೇಳಿದ್ದಾರೆ. ರಾತ್ರಿ ಸಾಗಣೆಯನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಂಡವರ ಕಣ್ಣು ಅದರ ಹಿಂದೆ ಇತ್ತೆಂಬುದನ್ನು ಹೇಳಿದವರು ಕಡಿಮೆ. 2006ರಲ್ಲಿ ಪತ್ರಿಕೆಯನ್ನು ಟೈಮ್ಸ್ ಸಮೂಹಕ್ಕೆ ಮಾರಿದರು. 2012ರಲ್ಲಿ ‘ವಿಜಯವಾಣಿ’ಯೊಂದಿಗೆ ಮತ್ತೆ ಪತ್ರಿಕೋದ್ಯಮಕ್ಕೆ ಬಂದರು.

ಎಲ್ಲವೂ ಕೈಗೂಡಲಿಲ್ಲ. ಬಿಜೆಪಿ ತೊರೆದು ಕಟ್ಟಿದ ಕನ್ನಡ ನಾಡು ಪಕ್ಷ 2004ರ ಚುನಾವಣೆಯಲ್ಲಿ ನೆಲೆಯೂರಲಿಲ್ಲ. ಬ್ರಾಂಚ್ ತೆರೆದ ಕೂಡಲೇ ಮತ ಬರುವುದಿಲ್ಲವೆಂಬುದು ಬೇರೆ ಉದ್ಯಮಿಗಳೂ ಕಂಡುಕೊಂಡ ಸತ್ಯ. 2015ರ ಏಪ್ರಿಲ್‌ನಲ್ಲಿ ವಿಆರ್‌ಎಲ್ ಷೇರು 205 ರೂಪಾಯಿ ಬೆಲೆಯಲ್ಲಿ ಸಾರ್ವಜನಿಕರಿಗೆ ಬಂತು. 2020ರಲ್ಲಿ ಸಂಕೇಶ್ವರರಿಗೆ ಪದ್ಮಶ್ರೀ ಸಂದಿತು. ಮುಂದೆ ಕಂಪನಿ ಬಸ್ ವ್ಯವಹಾರವನ್ನು ಬೇರ್ಪಡಿಸಿ, ಸರಕು ಸಾಗಣೆಯ ಮೇಲೆಯೇ ಗಮನವಿಟ್ಟಿತು.

ಪೇಡೆ: ಒಂದೇ ಸಿಹಿ, ಎರಡು ದಾರಿ

ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗ್‌ಗೆ ಹೆದರಿ ಧಾರವಾಡಕ್ಕೆ ಬಂದ ರಾಮರತನ್ ಸಿಂಗ್ ಠಾಕೂರ್ 19ನೇ ಶತಮಾನದಲ್ಲಿ ಪೇಡೆ ಮಾಡಲು ಆರಂಭಿಸಿದರೆಂಬುದು ಪ್ರಚಲಿತ ಇತಿಹಾಸ. ಮೊಮ್ಮಗ ಬಾಬುಸಿಂಗ್ ಅವರ ಕಾಲಕ್ಕೆ ಲೈನ್ ಬಜಾರಿನ ಅಂಗಡಿ ಹೆಸರಾಯಿತು. ಹಾಲನ್ನು ಖೋವಾ ಮಾಡಿ, ಸಕ್ಕರೆ ಸೇರಿಸಿ, ಕಂದು ಬಣ್ಣ ಬರುವವರೆಗೆ ಕೈಬಿಡದೆ ಹುರಿದು, ಉಂಡೆ ಕಟ್ಟಿ ಸಕ್ಕರೆಪುಡಿಯಲ್ಲಿ ಹೊರಳಿಸುವುದು ಇದರ ರೀತಿ. ಹುರಿಯುವುದರಲ್ಲಿಯೇ ಇರುವುದು ಗುಟ್ಟು. ಅದನ್ನು ಮನೆತನ ಹೊರಗೆ ಬಿಟ್ಟುಕೊಟ್ಟಿಲ್ಲ. ಈ ಭಾಗದ ಗೌಳಿಗರು ಸಾಕುವ ಎಮ್ಮೆಗಳ ಹಾಲು ಈ ಉದ್ಯಮದ ತಳಪಾಯ. ಪೇಡೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ.

ಠಾಕೂರರು ಆದಷ್ಟೇ ಮಾಡಿ, ಮಾಡಿದಷ್ಟನ್ನೇ ಮಾರುವ ಪದ್ಧತಿಯನ್ನು ಬಹುಕಾಲ ಬಿಡಲಿಲ್ಲ. ಲೈನ್ ಬಜಾರಿನಲ್ಲಿ ಪಾಳಿ ಹಚ್ಚಿ ನಿಲ್ಲುವುದು ಧಾರವಾಡದವರಿಗೆ ಹೊಸತಲ್ಲ. 1933ರಲ್ಲಿ ಅವಧಬಿಹಾರಿ ಮಿಶ್ರಾ ಆರಂಭಿಸಿದ ಮಿಶ್ರಾ ಪೇಡೆಯವರು ಇನ್ನೊಂದು ದಾರಿ ಹಿಡಿದರು: ಉತ್ಪಾದನೆ ಹೆಚ್ಚಿಸಿ, ಡಬ್ಬಿಯಲ್ಲಿ ತುಂಬಿ, ಊರೂರಿಗೆ ಮಳಿಗೆ ತೆರೆದು, ಬೇಕರಿ ತಿನಿಸನ್ನೂ ಸೇರಿಸಿದರು. ಬೆಳೆಯದಿದ್ದರೆ ಉದ್ಯಮ ಸಾಯುತ್ತದೆಂಬ ಉಪದೇಶ ಕೇಳಿದವರು ಠಾಕೂರರ ಅಂಗಡಿಯನ್ನೊಮ್ಮೆ ನೋಡಬೇಕು. ಹೆಚ್ಚು ಮಾಡಿದರೆ ರುಚಿ ಕೆಡುತ್ತದೆ ಎನ್ನುವವರು ಬಸ್ ಹತ್ತುವ ಮುನ್ನ ಮಿಶ್ರಾ ಡಬ್ಬಿ ಕೊಳ್ಳುವ ಜನರನ್ನು ಎಣಿಸಬೇಕು. ಎರಡೂ ನಡೆದಿವೆ, ಅದೂ ಒಂದೇ ಊರಿನಲ್ಲಿ.

ಮನೋಹರ ಗ್ರಂಥಮಾಲೆ

‘ಜಡಭರತ’ ಎಂಬ ಹೆಸರಿನಲ್ಲಿ ನಾಟಕ ಬರೆದ ಜಿ. ಬಿ. ಜೋಶಿ 1933ರಲ್ಲಿ ಧಾರವಾಡದಲ್ಲಿ ಕಟ್ಟಿದ ಪ್ರಕಾಶನ ಸಂಸ್ಥೆ ಇದು. ಲಾಭಕ್ಕಾಗಿ ಹುಟ್ಟಿದ ಕಂಪನಿಯಲ್ಲವಾದರೂ ಹಣಕಾಸಿನ ಜಾಣತನದಿಂದಾಗಿ ಇಲ್ಲಿ ಸೇರಬೇಕಾದದ್ದು. ಓದುಗರಿಂದ ಮೊದಲೇ ಚಂದಾ ಪಡೆದು ಪುಸ್ತಕ ತಲುಪಿಸುವ ವ್ಯವಸ್ಥೆಯಿಂದ ಅಚ್ಚಿನ ಖರ್ಚಿಗೆ ಸಾಲ ಹುಡುಕುವ ತಾಪತ್ರಯ ಕಡಿಮೆಯಾಯಿತು, ಮಾರಾಟವಾಗದೆ ಉಳಿಯುವ ಭಯವೂ ತಗ್ಗಿತು. ಆ ಧೈರ್ಯದ ಮೇಲೆಯೇ ಸಂಸ್ಥೆ ಹೊಸಬರ ಪುಸ್ತಕಗಳನ್ನು ತರಬಲ್ಲದಾಯಿತು. ಗಿರೀಶ ಕಾರ್ನಾಡರ ‘ಯಯಾತಿ’ ಹೊರಬಂದದ್ದು ಇಲ್ಲಿಂದ, 1961ರಲ್ಲಿ.

ಲಕ್ಷ್ಮಣರಾವ್ ಕಿರ್ಲೋಸ್ಕರ್

ಕಿರ್ಲೋಸ್ಕರ್ ನೆರೆಯ ಬೆಳಗಾವಿ ಜಿಲ್ಲೆಯವರು. 1869ರಲ್ಲಿ ಗುರ್ಲಹೊಸೂರಿನಲ್ಲಿ ಜನನ. ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದವರಿಗೆ ಬಡ್ತಿ ತಪ್ಪಿತು. ಕೆಲಸ ಬಿಟ್ಟು ಅಣ್ಣನೊಂದಿಗೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದರು. ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಹೊಲಕ್ಕೆ ವಿಷವೆಂದು ನಂಬಿದ್ದ ರೈತರು ಅದನ್ನು ಕೊಳ್ಳಲು ಬಹಳ ದಿನ ಮುಂದೆ ಬರಲಿಲ್ಲ. ಬೆಳಗಾವಿಯಲ್ಲಿ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ಅರಸರು ಕೊಟ್ಟ ಬರಡು ನೆಲಕ್ಕೆ 1910ರಲ್ಲಿ ಕಾರ್ಖಾನೆ ಹೋಯಿತು. ಅದೇ ಇಂದಿನ ಕಿರ್ಲೋಸ್ಕರವಾಡಿ. ಬೆಳಗಾವಿ ಕಳೆದುಕೊಂಡದ್ದು ಎಷ್ಟೆಂಬುದು ಆಮೇಲೆ ತಿಳಿಯಿತು. ಮನೆತನದ ಉದ್ಯಮ ಮುಂದೆ ಕರ್ನಾಟಕಕ್ಕೆ ಮರಳಿ ಬಂತು: ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, ಬೆಂಗಳೂರಿನಲ್ಲಿ ಮತ್ತು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್.

ಗುರುರಾಜ ದೇಶಪಾಂಡೆ

‘ದೇಶ್’ ಎಂದೇ ಹೆಸರಾದ ಗುರುರಾಜ ದೇಶಪಾಂಡೆ 1950ರಲ್ಲಿ ಹುಟ್ಟಿದರು. ಮದ್ರಾಸ್ ಐಐಟಿಯಲ್ಲಿ ಎಂಜಿನಿಯರಿಂಗ್, ಕೆನಡಾದಲ್ಲಿ ಮುಂದಿನ ಓದು ಮುಗಿಸಿ ಅಮೆರಿಕಕ್ಕೆ ಹೋದರು. ಮೊದಲ ಕಂಪನಿ ಕೋರಲ್ ನೆಟ್‌ವರ್ಕ್ಸ್‌ನಲ್ಲಿ ಪಾಲುದಾರರೊಂದಿಗೆ ದಾರಿ ಬೇರೆಯಾಗಿ, ತಾವೇ ಹುಟ್ಟುಹಾಕಿದ ಕಂಪನಿಯಿಂದ ಹೊರನಡೆದರು. ಎರಡನೆಯ ಕ್ಯಾಸ್ಕೇಡ್ ಕಮ್ಯುನಿಕೇಷನ್ಸ್ 1997ರಲ್ಲಿ ಸುಮಾರು 370 ಕೋಟಿ ಡಾಲರಿಗೆ ಮಾರಾಟವಾಯಿತು. ಮೂರನೆಯ ಸೈಕಮೋರ್ ನೆಟ್‌ವರ್ಕ್ಸ್‌ನ ಷೇರು 1999ರ ಅಕ್ಟೋಬರಿನಲ್ಲಿ 38 ಡಾಲರಿಗೆ ಬಿಡುಗಡೆಯಾಗಿ, ಮೊದಲ ದಿನವೇ 180 ಡಾಲರ್ ದಾಟಿತು. ಎರಡು ವರ್ಷದೊಳಗೆ ದೂರಸಂಪರ್ಕದ ಗುಳ್ಳೆ ಒಡೆಯಿತು, ಗಿರಾಕಿ ಕಂಪನಿಗಳು ಖರೀದಿ ನಿಲ್ಲಿಸಿದವು. 2013ರಲ್ಲಿ ಷೇರುದಾರರ ಒಪ್ಪಿಗೆಯೊಂದಿಗೆ ಕಂಪನಿಯ ವಿಸರ್ಜನೆ ಆರಂಭವಾಗಿ, ಉಳಿದ ನಗದು ಅವರಿಗೇ ಹಂಚಿಕೆಯಾಯಿತು. ಭಾಷಣಗಳಲ್ಲಿ ಕ್ಯಾಸ್ಕೇಡ್‌ಗೆ ಸಿಗುವ ಜಾಗ ಕೋರಲ್‌ಗೆ ಸಿಗುವುದಿಲ್ಲ, ಆದರೆ ಪಾಲುದಾರಿಕೆ ಮುರಿಯುವ ಹೊತ್ತಿನಲ್ಲಿ ಏನು ಮಾಡಬೇಕೆಂದು ಕೇಳುವ ಹುಡುಗರಿಗೆ ಬೇಕಾದದ್ದು ಕೋರಲ್‌ನ ಕಥೆಯೇ.

ದೇಶಪಾಂಡೆ ಫೌಂಡೇಶನ್ ಹುಬ್ಬಳ್ಳಿಯಲ್ಲಿ ‘ಸ್ಯಾಂಡ್‌ಬಾಕ್ಸ್’ ಎಂಬ ಹೆಸರಿನಲ್ಲಿ ಕೆಲಸ ಆರಂಭಿಸಿತು. ಪದವೀಧರರಿಗೆ ಕೌಶಲ ತರಬೇತಿ, ರೈತರಿಗೆ ಕೃಷಿ ಹೊಂಡ, ಹೊಸ ಉದ್ಯಮಗಳಿಗೆ ಗೋಕುಲ ರಸ್ತೆಯಲ್ಲಿ ದೊಡ್ಡ ಇನ್‌ಕ್ಯುಬೇಟರ್ ಇದರ ಮುಖ್ಯ ಕೆಲಸಗಳು. ಬೆಂಗಳೂರಿಗೆ ಹೋಗದೆ ಕಂಪನಿ ಕಟ್ಟಬಹುದೇ ಎಂಬ ಪ್ರಶ್ನೆಗೆ ಇಲ್ಲಿ ಪ್ರಯೋಗ ನಡೆಯುತ್ತಿದೆ.

ಕಥೆಗಳಿಂದ ಹೊರಗುಳಿದವರು

ಗೆದ್ದವರ ಬದುಕಿನಿಂದ ಪಾಠ ಹೆಕ್ಕುವುದರಲ್ಲಿ ಒಂದು ತೊಡಕಿದೆ. ಅದೇ ಧೈರ್ಯ ಮಾಡಿ, ಅದೇ ಸಾಲ ತೆಗೆದು ಮುಳುಗಿದವರ ಜೀವನಚರಿತ್ರೆಯನ್ನು ಯಾರೂ ಬರೆಯುವುದಿಲ್ಲ. ಸಾವಿರಾರು ಜನರಿಗೆ ಅನ್ನ ಕೊಟ್ಟ ಹುಬ್ಬಳ್ಳಿಯ ಬಟ್ಟೆ ಗಿರಣಿಗಳು ಇಂದಿಲ್ಲ. ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ಹೆಸರು ಮಾಡದೆ ಮೂವತ್ತು ವರ್ಷ ನಡೆದ ಸಣ್ಣ ಘಟಕಗಳೂ ಇವೆ, ಮೂರು ವರ್ಷಕ್ಕೇ ಶೆಡ್ ಖಾಲಿ ಮಾಡಿದವೂ ಇವೆ.

ಇನ್ನೊಂದು ಬಗೆಯ ಮರೆವೂ ಉಂಟು. ಶಿಗ್ಗಾವಿಯಲ್ಲಿ ಹುಟ್ಟಿ, ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಸುಧಾ ಮೂರ್ತಿ, 1981ರಲ್ಲಿ ಇನ್ಫೋಸಿಸ್ ಆರಂಭಕ್ಕೆ ಪತಿ ನಾರಾಯಣ ಮೂರ್ತಿಯವರಿಗೆ ತಮ್ಮ ಉಳಿತಾಯದ 10,000 ರೂಪಾಯಿ ಕೊಟ್ಟದ್ದು ಎಲ್ಲರಿಗೂ ಗೊತ್ತು. ಹತ್ತು ಸಾವಿರದ ಮಾತಿನಲ್ಲಿ ಮರೆಯಾಗುವುದು ಸುಧಾ ಅವರ ಸಂಬಳ. ಮೂರು ವರ್ಷ ಮನೆಯ ಖರ್ಚು ತಾವು ನೋಡಿಕೊಳ್ಳುವುದಾಗಿ ಮಾತು ಕೊಟ್ಟು ಅವರು ನೌಕರಿ ಮಾಡಿದರು. ಆದಾಯವಿಲ್ಲದ ಆರಂಭದ ತಿಂಗಳುಗಳನ್ನು ಒಂದು ಕಂಪನಿ ದಾಟುವುದು ಬಹುಪಾಲು ಇಂಥ ಸಂಬಳದ ಬಲದಿಂದ. ತಾವೇ ಎಂಜಿನಿಯರ್ ಆಗಿದ್ದರೂ ಕಂಪನಿಯ ಏಳು ಸ್ಥಾಪಕರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಮನೆಯವರನ್ನು ಕಂಪನಿಗೆ ಸೇರಿಸಿಕೊಳ್ಳಬಾರದೆಂಬುದು ಮೂರ್ತಿಯವರ ನಿಲುವಾಗಿತ್ತು. ಅದು ತಪ್ಪಾಗಿತ್ತೆಂದು ಅವರೇ 2024ರಲ್ಲಿ ಒಂದು ಸಂದರ್ಶನದಲ್ಲಿ ಒಪ್ಪಿಕೊಂಡರು.